ವಹಿಯೊಳಗಿನ ಜವಾಬು

ಬೈಲಹೊಂಗಲದ ಪೇಟೆಯಲ್ಲಿ ನಾನು ಕ್ಯಾಸೆಟ್ ಅಂಗಡಿ ನಡೆಸುತ್ತಿದ್ದ ಕಾಲಕ್ಕೆ ಗೋಡೆ ತುಂಬ ಹಾಡುಗಳಿದ್ದವು. ರಾಜ್‌ಕುಮಾರ್, ಕಿಶೋರ್ ಕುಮಾರ್, ಶರೀಫರ ತತ್ವಪದ, ಯಲ್ಲಮ್ಮನ ಹಾಡು, ನಾಟಕ ಕಂಪನಿಗಳ ಡೈಲಾಗು. ಆದರೂ ಸಂತೆಯ ದಿನ ಹಳ್ಳಿಯಿಂದ ಬಂದವರು ಕೇಳುತ್ತಿದ್ದ ಹಾಡು ಮಾತ್ರ ನನ್ನಲ್ಲಿ ಇರುತ್ತಿರಲಿಲ್ಲ. “ಮೊನ್ನಿ ಹಾಡಿಕ್ಯಾಗ ಆ ಹೆಣಮಗಳು ಗಂಡಸರ ಬಾಯಿ ಬಂದ್ ಮಾಡಿದ್ಲಲ್ರಿ, ಅದರ ಕ್ಯಾಸೆಟ್ ಬಂದೈತೇನ್ರಿ?” ಬಂದಿಲ್ಲ, ಮುಂದಿನ ವಾರ ನೋಡೋಣ ಎನ್ನುತ್ತಿದ್ದೆ. ಎಂದೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಾಗಂತ ಹೇಳಿದರೆ ಗಿರಾಕಿ ಬರಿಗೈಲಿ ಹೋಗುತ್ತಾನೆ.

ಅವರು ಕೇಳುತ್ತಿದ್ದದ್ದು ಹರದೇಶಿ–ನಾಗೇಶಿ ಹಾಡಿಕೆ. ಈ ಕಡೆ ಹುಟ್ಟದ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಗುಡಿಯ ಮುಂದೆ ಎರಡು ಮೇಳ ನಿಲ್ಲುತ್ತವೆ. ಹರದೇಶಿಯವರು ಗಂಡಿನ ಪಕ್ಷ, ಶಿವನೇ ಮೇಲು ಎನ್ನುವವರು. ನಾಗೇಶಿಯವರು ಹೆಣ್ಣಿನ ಪಕ್ಷ, ಶಕ್ತಿಯಿಲ್ಲದೆ ಶಿವ ಅಲುಗಾಡಲಾರ ಎನ್ನುವವರು. ಮುಂದೆ ನಿಂತು ಹಾಡುವವರ ಕೈಯಲ್ಲಿ ಡಪ್ಪು, ಹಿಂದೆ ತುಂತುಣಿ ಮತ್ತು ತಾಳ, ನುಡಿ ಮುಗಿದಲ್ಲೆಲ್ಲ ಹಿಮ್ಮೇಳದ ‘ಗೀಯ ಗೀಯ’. ಒಂದು ಮೇಳ ಸವಾಲು ಹಾಕುತ್ತದೆ. ಪುರಾಣದ ಸಂದಿಗೊಂದಿಯಿಂದ, ದೇಹತತ್ತ್ವದ ಲೆಕ್ಕದಿಂದ, ಕೆಲವೊಮ್ಮೆ ಎದುರಿನವರ ಊರಿನ ನಿನ್ನೆಯ ಸುದ್ದಿಯಿಂದಲೇ ತೆಗೆದ ಪ್ರಶ್ನೆ. ಇನ್ನೊಂದು ಮೇಳ ಅದೇ ಮಟ್ಟಿನಲ್ಲಿ, ಅದೇ ಪ್ರಾಸದ ಬಿಗಿಯಲ್ಲಿ ಜವಾಬು ಕೊಡಬೇಕು. ಜವಾಬು ಕೊಟ್ಟವರು ಸುಮ್ಮನೆ ಕೂರುವುದಿಲ್ಲ, ತಿರುಗಿ ಒಂದು ಸವಾಲು ಎಸೆಯುತ್ತಾರೆ. ರಾತ್ರಿ ಊಟವಾದ ಮೇಲೆ ಕೂತ ಜನ ಬೆಳಕು ಹರಿಯುವವರೆಗೆ ಎದ್ದು ಹೋಗುವುದಿಲ್ಲ. ಸೋತ ಮೇಳ ಡಪ್ಪು ಒಪ್ಪಿಸಿ ಹೋದ ಕಥೆಗಳನ್ನು ರಾಮದುರ್ಗ ಕಡೆಯ ಹಿರಿಯರು ಇವತ್ತಿಗೂ ಕುಸ್ತಿಯ ಕಥೆ ಹೇಳುವ ಹುರುಪಿನಲ್ಲೇ ಹೇಳುತ್ತಾರೆ. ಮರಾಠಿಯ ಕಲಗಿ–ತುರಾ ಈ ಜಗಳದ ಸೋದರ ಸಂಬಂಧಿ. ಗಡಿ ನಾಡಿನಲ್ಲಿ ಜಗಳವೂ ಎರಡು ಭಾಷೆಯಲ್ಲಿ ಇರುತ್ತದೆ.

ನನ್ನ ತಂಗಿಯ ಮಗ ಓದಲು ಇಂಗ್ಲೆಂಡಿನ ಲೀಡ್ಸ್‌ಗೆ ಹೋದ. ರಜೆಗೆ ಬಂದಾಗ ಅವನ ಫೋನಿನಲ್ಲಿ ಇದ್ದದ್ದು ಹಾಡು ಎನ್ನುವಂತಿರಲಿಲ್ಲ, ಮಾತು ಎನ್ನುವಂತೆಯೂ ಇರಲಿಲ್ಲ. “ಮಾಮಾ, ಇದು ಅಂಡರ್‌ಗ್ರೌಂಡ್ ಹಿಪ್ ಹಾಪ್, ಅಲ್ಲಿಂದು,” ಎಂದ. ಪ್ರತಿ ಶುಕ್ರವಾರ ಹೊಸದು ಬರುತ್ತದಂತೆ. 2015ರಿಂದ ಜಗತ್ತಿನಾದ್ಯಂತ ಹೊಸ ಹಾಡುಗಳ ಬಿಡುಗಡೆಗೆ ಶುಕ್ರವಾರವೇ ಗೊತ್ತಾದ ದಿನ. ಹುಡುಗ ಶುಕ್ರವಾರ ಬಂತೆಂದರೆ ಲಕ್ಷ್ಮೀಪೂಜೆಗೆ ಕೂತವರ ಹಾಗೆ ಫೋನ್ ಹಿಡಿದು ಕೂರುತ್ತಿದ್ದ. ದೊಡ್ಡ ಕಂಪನಿಗಳನ್ನು ನಂಬದೆ ತಾವೇ ಧ್ವನಿಮುದ್ರಣ ಮಾಡಿ ತಾವೇ ಮಾರುವ ಹುಡುಗರ ಲೋಕ ಅದು. 2010ರಲ್ಲಿ ಫ್ಲಿಪ್‌ಟ್ರಿಕ್ಸ್ ಎಂಬ ರ‍್ಯಾಪರ್ ಕಟ್ಟಿದ ಹೈ ಫೋಕಸ್ ಎಂಬ ಸಣ್ಣ ಕಂಪನಿಯ ಹಾಡುಗಳೇ ಅವನ ಫೋನಿನಲ್ಲಿ ಅರ್ಧ ತುಂಬಿದ್ದವು. ಅವರದ್ದೇ ‘ದ ಫೋರ್ ಔಲ್ಸ್’ ಎಂಬ ನಾಲ್ವರ ಮೇಳ 2015ರಲ್ಲಿ ‘ನ್ಯಾಚುರಲ್ ಆರ್ಡರ್’ ತಂದಾಗ, ನ್ಯೂಯಾರ್ಕಿನ ಡಿಜೆ ಪ್ರೀಮಿಯರ್ ಒಂದು ಹಾಡಿಗೆ ಬೀಟ್ ಮಾಡಿಕೊಟ್ಟರು. ಇದು ಅವರ ವಲಯದಲ್ಲಿ ದೊಡ್ಡ ಮರ್ಯಾದೆ ಎಂದು ಅಳಿಯ ಹೇಳಿದ. ನಾನು ತಲೆಯಾಡಿಸಿದೆ. ನನ್ನ ಕಿವಿ ಮಾತ್ರ ಬೇರೆ ಕಡೆ ಇತ್ತು: ಇವರು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ? ನಮ್ಮ ಲಾವಣಿಯಲ್ಲಿ ‘ಚಾಲ’ ಬಂದಾಗ ಹಾಡುಗಾರ ಒಂದೇ ಉಸಿರಿಗೆ ಓಡಿ, ಏರಿನಲ್ಲಿ ನಿಂತು, ಹಿಮ್ಮೇಳಕ್ಕೆ ಒಪ್ಪಿಸಿ ಉಸಿರು ಎಳೆದುಕೊಳ್ಳುತ್ತಾನೆ. ಇಲ್ಲಿ ಹಿಮ್ಮೇಳ ಯಂತ್ರದ್ದು, ಅದಕ್ಕೆ ದಣಿವಿಲ್ಲ. ಗ್ರೈಮ್ ಎಂಬ ಅವರ ಇನ್ನೊಂದು ಜಾತಿಯ ಹಾಡಿನಲ್ಲಿ ನಿಮಿಷಕ್ಕೆ ಸುಮಾರು 140 ಪೆಟ್ಟು. ಡಪ್ಪಿನವನಾದರೆ ರಟ್ಟೆ ಬಿದ್ದುಹೋಗುತ್ತದೆ.

ಆ ಹುಡುಗನಿಂದಲೇ ನನಗೆ ಒಂದು ಸಂಗತಿ ತಿಳಿಯಿತು, ಅದು ನನ್ನ ಹಳೆಯ ಅಂಗಡಿಯ ಒಗಟನ್ನು ಬಿಚ್ಚಿತು. ಲಂಡನ್ನಿನ ಈ ಹಾಡಿನ ಬೇರು ಅಮೆರಿಕದಲ್ಲಿ ಅರ್ಧ, ಜಮೈಕಾದಲ್ಲಿ ಅರ್ಧ. ಎರಡನೇ ಮಹಾಯುದ್ಧದ ನಂತರ ಜಮೈಕಾದಿಂದ ಇಂಗ್ಲೆಂಡಿಗೆ ಬಂದವರು ಆಳೆತ್ತರದ ಸ್ಪೀಕರ್‌ಗಳ ಸೌಂಡ್ ಸಿಸ್ಟಂ ಸಂಪ್ರದಾಯವನ್ನೂ ತಂದರು. ಒಂದೇ ಸಭಾಂಗಣದಲ್ಲಿ ಎರಡು ಸೌಂಡ್ ಸಿಸ್ಟಂಗಳು ಎದುರುಬದುರು ನಿಂತು ರಾತ್ರಿಯಿಡೀ ಕಾದಾಡುವುದಕ್ಕೆ ಕ್ಲ್ಯಾಶ್ ಎನ್ನುತ್ತಾರೆ. ಆ ಕಾದಾಟಕ್ಕೆಂದೇ ಒಂದೇ ಒಂದು ಪ್ರತಿ ಕೊರೆಸಿದ ತಟ್ಟೆ ಇರುತ್ತಿತ್ತು, ಡಬ್‌ಪ್ಲೇಟ್ ಎಂದು ಅದರ ಹೆಸರು. ಅಂಗಡಿಯಲ್ಲಿ ಸಿಗದು, ರೇಡಿಯೋದಲ್ಲಿ ಬಾರದು, ಎದುರಾಳಿಯ ಹೆಸರು ಹಿಡಿದು ಬೈದಿರುವ ಹಾಡೂ ಅದರಲ್ಲಿ ಇರಬಹುದು. ಮೆದು ಲೇಪದ ತಟ್ಟೆಯಾದ್ದರಿಂದ ಕೆಲವು ಹತ್ತು ಸಲ ನುಡಿಸಿದರೆ ಸವೆದೇ ಹೋಗುತ್ತಿತ್ತು. ಇಂಥ ಹಾಡು ಬಿಡುಗಡೆಯಾದರೆ ಅದರ ಹಲ್ಲು ಕಿತ್ತ ಹಾಗೆ, ಎದುರಾಳಿ ಮೊದಲೇ ಕೇಳಿ ಉತ್ತರ ಸಿದ್ಧ ಮಾಡಿಕೊಂಡು ಬರುತ್ತಾನೆ.

ನಮ್ಮ ಮೇಳದವರ ವಹಿ ಅಂದರೆ ಇದೇ ಅಲ್ಲವೆ! ಗುರು ಬರೆಸಿದ, ಕೆಂಪು ಬಟ್ಟೆಯಲ್ಲಿ ಸುತ್ತಿದ ಕೈಬರಹದ ವಹಿ. ಸವದತ್ತಿ ಕಡೆಯ ಒಬ್ಬ ಹರದೇಶಿ ಹಾಡುಗಾರನಿಗೆ ನಾನು ಒಮ್ಮೆ, ಒಂದು ರಾತ್ರಿಯ ಹಾಡಿಕೆಯನ್ನು ಟೇಪ್ ಮಾಡುತ್ತೇನೆ, ನಿನಗೂ ದುಡ್ಡು ಬರುತ್ತದೆ ಎಂದಿದ್ದೆ. ಅವನು ನಕ್ಕ. “ಹತ್ತು ವರ್ಷದ ಜವಾಬು ನೀ ಹತ್ತು ರೂಪಾಯಿಗೆ ಮಾರ್ತಿ. ನಾ ಮುಂದಿನ ಜಾತ್ರ್ಯಾಗ ಏನ್ ಹಾಡ್ಲಿ?” ಆಗ ಅವನಿಗೆ ವ್ಯವಹಾರ ಗೊತ್ತಿಲ್ಲ ಎಂದುಕೊಂಡಿದ್ದೆ. ವ್ಯವಹಾರ ನನಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು.

ಅಲ್ಲಿಯೂ ಕ್ಯಾಸೆಟ್ಟಿನವರು ಸುಮ್ಮನಿರಲಿಲ್ಲವಂತೆ. 1980ರ ದಶಕದಲ್ಲಿ ಲಂಡನ್ನಿನ ಲೂಯಿಶಾಮ್ ಕಡೆಯ ಸ್ಯಾಕ್ಸನ್ ಸೌಂಡ್ ಸಿಸ್ಟಂನ ಹುಡುಗರು ಮೈಕಿನಲ್ಲಿ ಬಿರುಸಾಗಿ ಮಾತು ಹೆಣೆಯುವ ಹೊಸ ವರಸೆ ತಂದಾಗ, ಆ ರಾತ್ರಿಗಳ ಕ್ಯಾಸೆಟ್ ಪ್ರತಿಯ ಮೇಲೆ ಪ್ರತಿಯಾಗಿ ಕೈಯಿಂದ ಕೈಗೆ ಹೋದವು. ಅದೇ ಬಳಗದ ಸ್ಮೈಲಿ ಕಲ್ಚರ್ 1984ರಲ್ಲಿ ‘ಪೊಲೀಸ್ ಆಫೀಸರ್’ ಎಂಬ ಹಾಡು ಮಾಡಿದ. ಕಾರು ತಡೆದ ಪೊಲೀಸನ ಮಾತನ್ನು, ತನ್ನ ಮಾತನ್ನು ಎರಡು ದನಿಯಲ್ಲಿ ಆಡುವ ಹಾಡು. ಅದು ಬ್ರಿಟನ್ನಿನ ಮುಖ್ಯ ಪಟ್ಟಿಯ ಮೇಲ್ಭಾಗಕ್ಕೇ ಏರಿತು. ಇಂಗ್ಲಿಷ್ ಹುಡುಗರು ಅಮೆರಿಕನ್ನರ ಹಾಗೆ ಮೂಗಿನಲ್ಲಿ ರ‍್ಯಾಪ್ ಮಾಡುತ್ತಿದ್ದ ಕಾಲದಲ್ಲಿ ಲಂಡನ್ ಪಾಸಿ ಎಂಬ ತಂಡ 1990ರ ‘ಗ್ಯಾಂಗ್‌ಸ್ಟರ್ ಕ್ರಾನಿಕಲ್’ ಆಲ್ಬಮ್ಮಿನಲ್ಲಿ ತಮ್ಮ ಓಣಿಯ ಉಚ್ಚಾರದಲ್ಲೇ ಹಾಡಿತು. ನಂತರ ಬಂದವರಲ್ಲಿ ನನಗೆ ಹಿಡಿಸಿದವನು ರೂಟ್ಸ್ ಮನುವಾ. ಅಪ್ಪ ಜಮೈಕಾದ ಹಳ್ಳಿಯಿಂದ ಬಂದ ಕ್ರೈಸ್ತ ಬೋಧಕ. 2001ರ ‘ವಿಟ್ನೆಸ್’ ಹಾಡಿನ ವಿಡಿಯೊದಲ್ಲಿ ಈ ಮನುಷ್ಯ ತಾನು ಕಲಿತ ಪ್ರಾಥಮಿಕ ಶಾಲೆಯ ಕ್ರೀಡಾ ದಿನಕ್ಕೆ ಹೋಗಿ ಚಿಕ್ಕ ಮಕ್ಕಳ ಜೊತೆ ಓಡಿ, ಗೆದ್ದು ಬೀಗುತ್ತಾನೆ. ಹಾಡಿನಲ್ಲಿ ಬರುವುದು ಅಲ್ಲಿಯ ಬಿಯರು, ಚೀಸು ಸುಟ್ಟ ಬ್ರೆಡ್ಡು. ಬೆಂಗಳೂರಿನ ರ‍್ಯಾಪ್ ಕೇಳಿ ಅದೇ ಧಾಟಿಯಲ್ಲಿ ‘ಮಚ್ಚಾ’ ಎನ್ನುತ್ತ ರೀಲ್ ಮಾಡುವ ಕಿತ್ತೂರಿನ ಹುಡುಗರಿಗೆ ಈ ವಿಡಿಯೊ ತೋರಿಸಿದ್ದೇನೆ. ನೀವು ಜೋಳದ ರೊಟ್ಟಿ, ಕೆಂಪು ಚಟ್ನಿ ಹಾಡ್ರೋ ಎಂದರೆ ನಾಚಿಕೊಳ್ಳುತ್ತಾರೆ.

ನಾಚಿಕೆ ಯಾಕೋ ತಿಳಿಯದು. ಇದೇ ನೆಲದ ಹಾಡನ್ನು ಮೊದಲು ಅಚ್ಚು ಹಾಕಿಸಿದವನೇ ಒಬ್ಬ ಇಂಗ್ಲಿಷ್ ಅಧಿಕಾರಿ. ಶಾಸನಗಳ ಪಂಡಿತ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಅನುವಾದದೊಂದಿಗೆ ಪ್ರಕಟಿಸಿದ. ಅದರಲ್ಲಿ ಏನೇನಿತ್ತು ನೋಡಿ: 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿ, ಆಯುಧ ಒಪ್ಪಿಸೆಂದ ಸರ್ಕಾರದ ವಿರುದ್ಧ ಎದ್ದ ಹಲಗಲಿ ಬೇಡರ ಲಾವಣಿ, ಆದಾಯ ತೆರಿಗೆಯ ಮೇಲೆ ಒಂದು ಲಾವಣಿ, ಮತ್ತೆ ನಮ್ಮ ಬೈಲಹೊಂಗಲದ ಸಂಗ್ಯಾನ ಕೊಲೆಯ ಲಾವಣಿ. ಆಳುವ ಸರ್ಕಾರದ ನೌಕರ, ಆ ಸರ್ಕಾರ ನೇಣಿಗೆ ಹಾಕಿದವನ ಹಾಡನ್ನು ಕೂತು ಬರೆದುಕೊಂಡಿದ್ದಾನೆ. ತೆರಿಗೆಯ ಹಾಡು ಬರೆದುಕೊಳ್ಳುವಾಗ ಅವನ ಮುಖ ಹೇಗಿತ್ತೋ ನೋಡಬೇಕಿತ್ತು.

ಸಂಗ್ಯಾ ಬಾಳ್ಯಾ ಎಂದರೆ ಇಂದು ಸಣ್ಣಾಟ ನೆನಪಾಗುತ್ತದೆ, ಅದನ್ನು ಬರೆದ ಬೈಲವಾಡದ ಪತ್ತಾರ ಮಾಸ್ತರರ ಹೆಸರೂ ಜೊತೆಗೆ. ಈರಣ್ಣನ ಹೆಂಡತಿ ಗಂಗಿ, ಅವಳಿಗೆ ಮನಸೋತ ಸಂಗ್ಯಾ, ಗೆಳೆಯನಾಗಿದ್ದೂ ಕೈಬಿಟ್ಟ ಬಾಳ್ಯಾ, ಕೊನೆಗೆ ಕೊಲೆ. ನಾಟಕಕ್ಕಿಂತ ಮೊದಲು ಅದು ಊರಿನಲ್ಲಿ ನಡೆದ ಘಟನೆ, ಜನ ಹಾಡುತ್ತ ತಿರುಗಿದ ಸುದ್ದಿ. ಯಾರ ಓಣಿ, ಯಾರ ಮನೆ, ಯಾರು ಮೋಸ ಮಾಡಿದರು ಎಲ್ಲ ಹೆಸರು ಹಿಡಿದು. ಅಳಿಯನಿಗೆ ಇದನ್ನು ಹೇಳಿದಾಗ ಅವನು “ಇದು ಡ್ರಿಲ್ ಮಾಮಾ” ಎಂದ. ಡ್ರಿಲ್ ಎಂದರೆ ಲಂಡನ್ನಿನ ಗ್ಯಾಂಗು ಜಗಳಗಳನ್ನು ಹೆಸರು, ಪಿನ್‌ಕೋಡ್ ಸಹಿತ ಹಾಡುವ ಕರಾಳ ರ‍್ಯಾಪ್. 2018ರಲ್ಲಿ ಪೊಲೀಸರ ಕೋರಿಕೆಯ ಮೇರೆಗೆ ಯೂಟ್ಯೂಬ್ ಅಂಥ ಹಲವು ವಿಡಿಯೊಗಳನ್ನು ತೆಗೆದುಹಾಕಿತು. 2019ರಲ್ಲಿ ಸ್ಕೆಂಗ್ಡೋ ಮತ್ತು ಎ.ಎಂ. ಎಂಬ ಇಬ್ಬರು, ಕೋರ್ಟಿನ ತಡೆಯಾಜ್ಞೆ ಮೀರಿ ಒಂದು ಹಾಡು ಹಾಡಿದ್ದಕ್ಕೆ ಅಮಾನತಿನಲ್ಲಿಟ್ಟ ಜೈಲು ಶಿಕ್ಷೆ ಪಡೆದರು. ಹಾಡಿದ್ದೇ ಅಪರಾಧ. ಆಳುವವರಿಗೆ ಹಿಡಿಸದ ಹಾಡು ನಮ್ಮಲ್ಲೂ ಇತ್ತು: ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಗೀಗೀ ಮೇಳಗಳು ಗಾಂಧೀಜಿಯ ಸುದ್ದಿಯನ್ನು ಹಳ್ಳಿ ಹಳ್ಳಿಗೆ ಒಯ್ದವು. ಸಾವಿರ ಹಾಡುಗಳ ಸರದಾರ ಎನಿಸಿದ ಹುಕ್ಕೇರಿ ಬಾಳಪ್ಪ ಸವದತ್ತಿ ಸೀಮೆಯ ಮುರಗೋಡದವರು, ಹಾಡುಗಾರರಾದಷ್ಟೇ ಸ್ವಾತಂತ್ರ್ಯ ಹೋರಾಟಗಾರರು. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ನನಗೆ ಮನಸ್ಸಿಲ್ಲ. ರಾಯಣ್ಣನನ್ನು ಹಾಡಿದವನಿಗೂ ನಿನ್ನೆ ಚೂರಿ ಹಾಕಿದ್ದನ್ನು ಹೊಗಳಿಕೊಂಡವನಿಗೂ ವ್ಯತ್ಯಾಸವಿದೆ.

ಲಾವಣಿಯ ಕೊನೆಯ ನುಡಿಯಲ್ಲಿ ಕವಿ ತನ್ನ ಊರು, ಗುರು, ದೈವದ ಹೆಸರು ಹಾಕುತ್ತಾನೆ. ಲಂಡನ್ ಹುಡುಗರು ಹಾಡಿನಲ್ಲಿ ತಮ್ಮ ಬಡಾವಣೆಯ ಹೆಸರು, ತಂಡದ ಹೆಸರು ಕೂಗುತ್ತಾರೆ. ಎದುರುಬದುರಿನ ಕಾದಾಟವನ್ನೂ ಅವರು ಬಿಟ್ಟಿಲ್ಲ: 2004ರಲ್ಲಿ ಜಾಮರ್ ಎಂಬುವನು ಲೇಟನ್‌ಸ್ಟೋನ್‌ನಲ್ಲಿ ತನ್ನ ತಂದೆತಾಯಿಯ ಮನೆಯ ನೆಲಮಾಳಿಗೆಯಲ್ಲೇ ಹುಡುಗರನ್ನು ಎದುರುಬದುರು ನಿಲ್ಲಿಸಿ ‘ಲಾರ್ಡ್ ಆಫ್ ದ ಮೈಕ್ಸ್’ ಎಂಬ ಡಿವಿಡಿ ಮಾಡಿ ಮಾರಿದ. ಅದರಲ್ಲಿ ವೈಲಿ ಮತ್ತು ಕೇನೋ ಎಂಬ ಇಬ್ಬರು ಹಾಡುಗಾರರ ನಡುವಿನ ಜಟಾಪಟಿಯನ್ನು ಅಳಿಯ ನನಗೆ ತೋರಿಸಿದ. ಇಕ್ಕಟ್ಟಾದ ಜಾಗ, ಗೋಡೆಯ ತುಂಬ ಬರಹ, ಒಳ್ಳೆಯ ಏಟು ಬಿದ್ದಾಗ ಸುತ್ತ ನಿಂತವರು ಹೋ ಎನ್ನುವುದು. ಮಾತು ಒಂದೂ ಸರಿಯಾಗಿ ತಿಳಿಯದಿದ್ದರೂ ಏಟು ಎಲ್ಲಿ ಬಿತ್ತು ಎಂದು ನನಗೆ ಗೊತ್ತಾಗುತ್ತಿತ್ತು. ಹಾಡಿಕೆ ಕೇಳಿ ಬೆಳೆದವನಿಗೆ ಅದು ಬಿಡದು.

ಇನ್ನು ನಮ್ಮ ಕಡೆಯ ಹೊಸ ಬಿಡುಗಡೆಗಳು. ಅವಕ್ಕೇನು ಬರವಿಲ್ಲ. ಸಣ್ಣ ಕೋಣೆಯ ಸ್ಟುಡಿಯೊ, ಒಂದು ಕೀಬೋರ್ಡು, ದನಿ ನೇರ ಮಾಡುವ ಸಾಫ್ಟ್‌ವೇರು, ಹಾಡು ಯೂಟ್ಯೂಬಿಗೆ. ಮರುದಿನ ಕಬ್ಬಿನ ಟ್ರ್ಯಾಕ್ಟರಿನ ಮೇಲೆ, ಮದುವೆಯ ಡಿಜೆಯಲ್ಲಿ ಅದೇ. ಬೆಳಗಾವಿ ಜಿಲ್ಲೆಯವರೇ ಆದ ಮಾಳು ನಿಪನಾಳ ಹಾಡಿದ ಡ್ರೈವರ್ ಹಾಡು ಬೆಂಗಳೂರಿನವರೆಗೂ ಕುಣಿಸಿತು. ಯಾವ ಕಂಪನಿಯ ಅನುಮತಿಯೂ ಬೇಡ, ನಮ್ಮದೇ ಉಚ್ಚಾರ, ನಮ್ಮದೇ ಟ್ರ್ಯಾಕ್ಟರು. ಈ ಧೈರ್ಯವನ್ನು ನಾನು ಮೆಚ್ಚುತ್ತೇನೆ, ಕ್ಯಾಸೆಟ್ ಕಂಪನಿಯವರ ಬಾಗಿಲು ಕಾಯ್ದವನಾದ್ದರಿಂದ ಇನ್ನೂ ಹೆಚ್ಚು ಮೆಚ್ಚುತ್ತೇನೆ. ಆದರೆ ಈ ಹಾಡುಗಳಲ್ಲಿ ಹುಡುಗ ಹಾಡಿ ಮುಗಿಸಿದ ಮೇಲೆ ಎದ್ದು ನಿಂತು ಜವಾಬು ಕೊಡುವವರು ಯಾರು? ಕೈಕೊಟ್ಟ ಹುಡುಗಿಯ ಮೇಲೆ ರಾಶಿ ರಾಶಿ ಹಾಡು ಬರುತ್ತವೆ, ಆ ಹುಡುಗಿಯ ಬಾಯಿಂದ ಒಂದು ನುಡಿ ಬರುವುದು ಅಪರೂಪ. ನಾಗೇಶಿಯ ಹೆಂಗಸು ಇದ್ದಿದ್ದರೆ ಎರಡನೇ ನುಡಿಗೇ ಹುಡುಗನ ಟ್ರ್ಯಾಕ್ಟರ್ ಸಾಲದ ಕಂತು ಎಷ್ಟು ಬಾಕಿ ಎಂದು ಕೇಳುತ್ತಿದ್ದಳು.

ಕಳೆದ ಸಲ ಅಳಿಯ ಬಂದಾಗ ಅವನನ್ನು ಅದೇ ಹರದೇಶಿ ಹಾಡುಗಾರನ ಮನೆಗೆ ಕರೆದುಕೊಂಡು ಹೋದೆ. ಈಗ ಮುದುಕ, ದನಿ ಸಣ್ಣಗಾಗಿದೆ, ನೆನಪು ಮಾತ್ರ ಗಟ್ಟಿ. ಡಪ್ಪಿನ ಪೆಟ್ಟು, ತುಂತುಣಿಯ ನಾದ, ‘ಗೀಯ ಗೀಯ’ ಎಲ್ಲವನ್ನೂ ರೆಕಾರ್ಡ್ ಮಾಡಿಕೊಳ್ಳಲು ಬಿಟ್ಟ. ಅಳಿಯ ಅದನ್ನು ತುಂಡರಿಸಿ ಬೀಟ್ ಮಾಡುತ್ತಾನಂತೆ. ಮುದುಕ ಒಂದೆರಡು ಸವಾಲನ್ನೂ ಹಾಡಿದ. ಜವಾಬು ಕೇಳಿದಾಗ ವಹಿಯನ್ನು ತೊಡೆಯ ಕೆಳಗೆ ಸರಿಸಿಕೊಂಡ. ಕಾಗದ ಹುಳ ಹತ್ತಿ ಹೋಗುತ್ತದೆ, ಯಾರಿಗಾದರೂ ಕೊಡು ಎಂದು ನಾನು ಜಗಳವಾಡಿದೆ.

“ಕೊಡೂದು ಯಾರಿಗೆ? ಮಕ್ಕಳು ಯಾರೂ ಹಾಡಲಿಲ್ಲ. ಮೊಮ್ಮಗಳೊಬ್ಬಾಕಿ ಹಾಡ್ತಾಳ, ಚಲೋ ಹಾಡ್ತಾಳ. ಆದರ ಆಕಿ ನಾಗೇಶಿ ಹಿಡದಾಳ. ಇದನ್ನ ಆಕಿ ಕೈಯಾಗ ಕೊಟ್ಟರ ನನ್ನ ಜವಾಬೆಲ್ಲ ಎದುರು ಮೇಳಕ್ಕ ಗೊತ್ತಾದಂಗ ಆಗ್ಲಿಲ್ಲೇನು?”

ಒಳಗಿನಿಂದ ಆ ಹುಡುಗಿ ಚಹಾ ತಂದಳು. ಮುದುಕ ವಹಿಯ ಮೇಲಿಂದ ಏಳಲಿಲ್ಲ. “ಅಜ್ಜಾ, ಅದರಾಗಿನ ಅರ್ಧ ಜವಾಬು ನನಗ ಬಾಯಿಪಾಠ ಆಗ್ಯಾವು,” ಎಂದು ಕಪ್ಪು ಇಟ್ಟು ಹೋದಳು.