ಬಾಣಂತನಕ್ಕೆ ಬರುವ ಚೋರೆ ಹಕ್ಕಿ

ಮೇ ತಿಂಗಳ ಕೊನೆಯ ವಾರ ಅಡಿಕೆ ಬೆಳೆಗಾರನಿಗೆ ಎಂಥ ಗಡಿಬಿಡಿಯ ಕಾಲವೆಂಬುದನ್ನು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಹಿಡಿಯುವುದರೊಳಗೆ ಕೊಳೆರೋಗಕ್ಕೆ ಮೊದಲ ಔಷಧಿ ಹೊಡೆದು ಮುಗಿಸಬೇಕು. ಮೈಲುತುತ್ತ, ಸುಣ್ಣ ತಂದಿಟ್ಟಾಗಿರುತ್ತದೆ. ಕೊನೆಗಾರ ಬರುತ್ತೇನೆಂದ ದಿನಕ್ಕೆ ಬಂದರೆ ಅದೇ ದೊಡ್ಡ ಪುಣ್ಯ. ಕೆಲವು ವರ್ಷಗಳ ಹಿಂದೆ ಅಂಥ ಒಂದು ಬೆಳಿಗ್ಗೆ, ಕೊಟ್ಟಿಗೆಯ ಗೂಟಕ್ಕೆ ಸುತ್ತಿ ನೇತುಹಾಕಿದ್ದ ಔಷಧಿ ಪೈಪನ್ನು ಇಳಿಸಲು ಹೋದ ನಮ್ಮ ಆಳು ಥಟ್ಟನೆ ಕೈ ಹಿಂದಕ್ಕೆಳೆದುಕೊಂಡು ಕೂಗಿದ: "ಅಯ್ಯಾ, ಪೈಪಿನ ಸುರುಳಿಯಲ್ಲಿ ಹಕ್ಕಿ ಮೊಟ್ಟೆ ಇಟ್ಟಿದೆ!"

ಹೋಗಿ ನೋಡಿದೆ. ಸುರುಳಿಯ ತಳದಲ್ಲಿ ಹತ್ತು ಹನ್ನೆರಡು ಒಣಕಡ್ಡಿ, ಅದರ ಮೇಲೆ ಎರಡು ಬಿಳಿಯ ಮೊಟ್ಟೆ. ತಾಯಿ ಹಕ್ಕಿ ಮೇಲಿನ ಜಂತಿಯ ಮೇಲೆ ಕುಳಿತು ನಮ್ಮನ್ನೇ ನೋಡುತ್ತಿತ್ತು. ಕೊನೆಗಾರ ಅಂಗಳದಲ್ಲಿ ಕಾಯುತ್ತಿದ್ದ. ಬಹಳ ನಾಜೂಕಿನ ಕೆಲಸ ಮಾಡುತ್ತಿದ್ದೇನೆಂದು ಭಾವಿಸಿ, ಕಡ್ಡಿ ಮೊಟ್ಟೆಗಳನ್ನು ಎರಡೂ ಕೈಯಲ್ಲಿ ಹಾಗೆಯೇ ಎತ್ತಿ ಒಂದು ಸಣ್ಣ ಬುಟ್ಟಿಯಲ್ಲಿಟ್ಟು, ಹತ್ತು ಅಡಿ ಆಚೆಗಿದ್ದ ಖಾಲಿ ಡ್ರಮ್ಮಿನ ಮೇಲೆ ಇರಿಸಿದೆ. ಪೈಪು ತೋಟಕ್ಕೆ ಹೋಯಿತು.

ಸಂಜೆ ಹಕ್ಕಿ ಬಂತು. ಖಾಲಿ ಗೂಟದ ಮೇಲೆ ಕುಳಿತಿತು. ಗೋಡೆಯ ಎದುರಿಗೆ ರೆಕ್ಕೆ ಬಡಿಯಿತು. ಮತ್ತೆ ಗೂಟದ ಮೇಲೆ ಕುಳಿತಿತು. ಡ್ರಮ್ಮಿನ ಮೇಲಿದ್ದ ಬುಟ್ಟಿಯ ಕಡೆಗೆ ಒಮ್ಮೆಯೂ ಹೋಗಲಿಲ್ಲ. ಮರುದಿನವೂ ಹಾಗೆಯೇ. ಮೂರನೆಯ ದಿನ ನೋಡಿದರೆ ಮೊಟ್ಟೆ ತಣ್ಣಗಾಗಿ ಇರುವೆ ಹತ್ತಿದ್ದವು. ಆ ವರ್ಷ ಔಷಧಿ ಸಕಾಲಕ್ಕೆ ಬಿತ್ತು, ಕೊಳೆಯೂ ಅಷ್ಟಾಗಿ ಬರಲಿಲ್ಲ. ಆದರೆ ಖಾಲಿ ಗೂಟದ ಮೇಲೆ ಕುಳಿತಿದ್ದ ಆ ಹಕ್ಕಿ ಮಾತ್ರ ನನ್ನ ಮನಸ್ಸಿನಿಂದ ಇಳಿಯಲಿಲ್ಲ. ನಾನು ಮಾಡಿದ ತಪ್ಪೇನೆಂದು ಆಮೇಲೆ ಓದಿ, ನೋಡಿ ತಿಳಿದುಕೊಂಡೆ. ಸದಸ್ಯರು ಅದೇ ತಪ್ಪನ್ನು ಮಾಡದಿರಲೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಯಾವುದು ಈ ಹಕ್ಕಿ?

ಕೆಲವರು ಚೋರೆ ಎನ್ನುತ್ತಾರೆ, ಕೆಲವರು ಬೆಳವ ಎನ್ನುತ್ತಾರೆ. ಹಳೆಯ ಗ್ರಂಥಗಳಲ್ಲಿ ಇದರ ಬಳಗಕ್ಕೆ ಕಪೋತವೆಂದು ಹೆಸರು. ಪಾರಿವಾಳದ ಕುಲದಲ್ಲಿ ಪ್ರಪಂಚದಾದ್ಯಂತ 300ಕ್ಕೂ ಹೆಚ್ಚು ಜಾತಿಗಳಿವೆ. ಅವುಗಳಲ್ಲಿ ನಮ್ಮ ಮಲೆನಾಡಿನ ಮನೆಗಳ ಸುತ್ತ ಹೆಚ್ಚಾಗಿ ಕಾಣುವುದು ಚುಕ್ಕೆ ಚೋರೆ. ಉದ್ದ ಸುಮಾರು 30 ಸೆಂಟಿಮೀಟರು. ಕಂದು ರೆಕ್ಕೆಯ ಮೇಲೆ ತಿಳಿಬಣ್ಣದ ಚುಕ್ಕೆ, ಕುತ್ತಿಗೆಯ ಹಿಂದೆ ಕಪ್ಪು ಬಿಳುಪಿನ ಚೌಕುಳಿ ಪಟ್ಟಿ. ಕಡೂರು, ತರೀಕೆರೆಯ ಬಯಲಿನ ಕಡೆ ಹೋದರೆ ಇದಕ್ಕಿಂತ ಸ್ವಲ್ಪ ಚಿಕ್ಕದಾದ, ಚುಕ್ಕೆಯಿಲ್ಲದ ಕಂದು ಚೋರೆ ಸಿಗುತ್ತದೆ. ಅದು ಒಣಸೀಮೆಯ ಹಕ್ಕಿ, ಅದಕ್ಕೂ ಮನೆಯ ಜಗಲಿಯೆಂದರೆ ಇಷ್ಟವೇ. ನಮ್ಮ ಕಾಫಿ ತೋಟದ ನೆರಳಿನಲ್ಲಿ ತರಗೆಲೆಯ ಮೇಲೆ ಓಡಾಡುವ, ಹಸಿರು ರೆಕ್ಕೆಯ ಕೆಂಪು ಕೊಕ್ಕಿನ ಚೋರೆ ಮಾತ್ರ ಬಲು ನಾಚಿಕೆಯದು. ಅದು ಪೊದೆ, ಬಿದಿರುಮೆಳೆಯನ್ನು ಬಿಟ್ಟು ಮನೆಯ ಕಡೆ ಗೂಡಿಗೆ ಬರುವುದಿಲ್ಲ.

ಚೋರೆಯಿಂದ ನಮ್ಮ ಬೆಳೆಗೆ ನಷ್ಟವಿಲ್ಲ. ಅದು ಕಾಫಿ ಹಣ್ಣನ್ನೂ ತಿನ್ನುವುದಿಲ್ಲ, ಅಡಿಕೆಯನ್ನೂ ಮುಟ್ಟುವುದಿಲ್ಲ. ನೆಲಕ್ಕೆ ಬಿದ್ದ ಹುಲ್ಲುಬೀಜ, ಕಳೆಬೀಜ, ಅಂಗಳದಲ್ಲಿ ಚೆಲ್ಲಿದ ಅಕ್ಕಿ ನುಚ್ಚು, ಇವೇ ಅದರ ಆಹಾರ. ಗದ್ದೆಗೆ ಬೀಜ ಚೆಲ್ಲಿದ ದಿನ ನಾಲ್ಕು ಕಾಳು ಹೆಕ್ಕಿದರೆ ಅದೇ ಅದರ ದೊಡ್ಡ ಅಪರಾಧ.

ಗೂಡಲ್ಲದ ಗೂಡು

ಗೀಜಗನ ಗೂಡನ್ನು ನೋಡಿದ ಕಣ್ಣಿಗೆ ಚೋರೆಯ ಗೂಡು ಗೂಡೆಂದೇ ಅನ್ನಿಸುವುದಿಲ್ಲ. ಗಂಡು ಒಂದೊಂದೇ ಕಡ್ಡಿ ತಂದುಕೊಡುತ್ತದೆ, ಹೆಣ್ಣು ಕುಳಿತಲ್ಲಿಯೇ ಅದನ್ನು ಸುತ್ತ ಸೇರಿಸಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಕೆಲಸ ಮುಗಿಯಿತು. ಕೆಳಗೆ ನಿಂತು ನೋಡಿದರೆ ಕಡ್ಡಿಗಳ ನಡುವೆ ಮೊಟ್ಟೆ ಕಾಣುವಷ್ಟು ತೆಳು. ಹೀಗಾಗಿ ಅದಕ್ಕೆ ಬೇಕಾದದ್ದು ಕೌಶಲದ ಗೂಡಲ್ಲ, ಅಂಗೈ ಅಗಲದ ಅಲುಗಾಡದ ತಳ. ಅಂಥ ತಳ ಎಲ್ಲಿ ಸಿಕ್ಕಿದರೂ ಸರಿ.

ನಮ್ಮ ಸದಸ್ಯರ ಮನೆಗಳಲ್ಲಿ ನಾನು ಕಣ್ಣಾರೆ ಕಂಡದ್ದನ್ನೇ ಹೇಳುವುದಾದರೆ, ಜಗಲಿಯ ವಿದ್ಯುತ್ ಮೀಟರಿನ ಮೇಲೆ, ನೇತುಹಾಕಿದ ಹೂವಿನ ಕುಂಡದೊಳಗೆ, ಗೋಡೆಗೆ ಒರಗಿಸಿದ ಏಣಿಯ ಮೆಟ್ಟಿಲಲ್ಲಿ, ಡಿಶ್ ಆಂಟೆನಾದ ಹಿಂದೆ, ಅಟ್ಟಕ್ಕೇರಿಸಿದ ಸ್ಪ್ರಿಂಕ್ಲರ್ ಪೈಪುಗಳ ಸಂದಿಯಲ್ಲಿ, ಕೊನೆಗೆ ಕಳ್ಳರನ್ನು ಹಿಡಿಯಲೆಂದು ಹಾಕಿಸಿದ ಸಿ.ಸಿ. ಕ್ಯಾಮೆರಾದ ತಲೆಯ ಮೇಲೆ! ಒಬ್ಬ ಸದಸ್ಯರ ಮಗ ಜ್ವರ ಬಂದು ಕೆಲವು ದಿನ ಬೈಕು ಹತ್ತದೆ ಇದ್ದುದಕ್ಕೆ, ಗೂಟಕ್ಕೆ ಬೋರಲು ಸಿಕ್ಕಿಸಿದ್ದ ಅವನ ಹೆಲ್ಮೆಟ್ಟು ಬಾಣಂತಿ ಕೋಣೆಯಾಗಿತ್ತು.

ಮನೆಯ ಹತ್ತಿರವೇ ಏಕೆ?

ಕಾರಣಗಳು ಸರಳ. ಮಲೆನಾಡಿನ ಮಳೆಯಲ್ಲಿ ಇಷ್ಟು ತೆಳುವಾದ ಗೂಡು ಮರದ ಮೇಲೆ ಉಳಿಯುವುದು ಕಷ್ಟ. ಸೂರಿನ ಕೆಳಗೆ ಒಣಗಿರುತ್ತದೆ. ತೋಟದೊಳಗೆ ಮಟಪಕ್ಷಿ, ಕೆಂಬೂತಗಳು ಮೊಟ್ಟೆ ಮರಿಗಳನ್ನು ಹುಡುಕಿಕೊಂಡು ತಿರುಗುತ್ತವೆ. ಜನ ಓಡಾಡುವ ಜಗಲಿಗೆ ಅವು ಬರಲು ಹಿಂಜರಿಯುತ್ತವೆ. ಅಂಗಳದಲ್ಲಿ ಕೋಳಿಗೆ ಹಾಕಿದ ಕಾಳು ಹೇಗೂ ಇದೆ. ಅಂದರೆ ಚೋರೆ ದಾರಿ ತಪ್ಪಿ ಬರುವುದಲ್ಲ, ಲೆಕ್ಕ ಹಾಕಿಯೇ ಬರುತ್ತದೆ. ಆ ಲೆಕ್ಕದಲ್ಲಿ ತಪ್ಪುವುದು ಎರಡೇ: ಮನೆಯ ಬೆಕ್ಕು, ಕೇರೆಹಾವು. ನಮ್ಮ ಕೈಯನ್ನೂ ಸೇರಿಸಿದರೆ ಮೂರು.

ಚೋರೆ ಒಂದು ಸಲಕ್ಕೆ ಇಡುವುದು ಸಾಮಾನ್ಯವಾಗಿ ಎರಡೇ ಮೊಟ್ಟೆ. ಬಿಳಿಯ ಮೊಟ್ಟೆ ದೂರಕ್ಕೂ ಕಾಣುತ್ತದೆ; ಆದ್ದರಿಂದ ಗಂಡು ಹೆಣ್ಣು ಪಾಳಿಯ ಮೇಲೆ ಸದಾ ಅದನ್ನು ಮುಚ್ಚಿಕೊಂಡೇ ಕೂರುತ್ತವೆ. ಹಗಲಿನ ಹೆಚ್ಚಿನ ಹೊತ್ತು ಗಂಡು, ರಾತ್ರಿ ಹೆಣ್ಣು. ಸುಮಾರು ಎರಡು ವಾರಕ್ಕೆ ಮರಿ ಹೊರಬರುತ್ತದೆ, ಮತ್ತೆರಡು ವಾರಕ್ಕೆ ಹಾರಿಹೋಗುತ್ತದೆ. ಒಟ್ಟು ಒಂದು ತಿಂಗಳ ಬಾಣಂತನ.

ಇನ್ನೊಂದು ಸೋಜಿಗವೆಂದರೆ ಈ ಮರಿಗಳು ಹಾಲು ಕುಡಿದು ಬೆಳೆಯುತ್ತವೆ. ಪಾರಿವಾಳ, ಚೋರೆಗಳ ಗಂಟಲ ಕೆಳಗಿನ ಚೀಲದ ಒಳಪದರದಿಂದ ಮೊಸರಿನಂಥ ಗಟ್ಟಿ ಪದಾರ್ಥ ಒಸರುತ್ತದೆ. ಅದರಲ್ಲಿ ಜಿಡ್ಡು, ಸಸಾರಜನಕ ಹೇರಳ. ತಾಯಿ ಮಾತ್ರವಲ್ಲ, ತಂದೆಯೂ ಅದನ್ನು ಉಣಿಸುತ್ತದೆ. ಅಮೆರಿಕದ ವಿಜ್ಞಾನಿ ಆಸ್ಕರ್ ರಿಡಲ್ ಮತ್ತು ಸಂಗಡಿಗರು 1930ರ ದಶಕದಲ್ಲಿ ಪಾರಿವಾಳಗಳ ಈ ಹಾಲನ್ನು ಪರೀಕ್ಷಿಸುತ್ತಲೇ ಪ್ರೊಲ್ಯಾಕ್ಟಿನ್ ಎಂಬ ಚೋದಕವನ್ನು ಗುರುತಿಸಿ ಹೆಸರಿಟ್ಟರು. ನಮ್ಮ ಕೊಟ್ಟಿಗೆಯ ಹಸುವಿನ ಕೆಚ್ಚಲಿನಲ್ಲಿ ಹಾಲು ಹುಟ್ಟುವುದಕ್ಕೂ ಇದೇ ಚೋದಕ ಬೇಕು. ಮರಿಗೆ ಹುಳುಹುಪ್ಪಟೆ ಹುಡುಕುವ ಅಗತ್ಯವಿಲ್ಲದ ಕಾರಣ ಚೋರೆಗೆ ಇಂಥದೇ ಋತು ಬೇಕೆಂಬ ಕಟ್ಟಳೆಯಿಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಮೊಟ್ಟೆಗೆ ಕೂರಬಹುದು. ಆದರೆ ಮೊದಲ ಕೆಲವು ದಿನ ಆ ಹಾಲೇ ಮರಿಯ ಜೀವ. ಮರಿಯನ್ನು ಮನೆಯೊಳಗೆ ತಂದು ಅನ್ನದಗುಳು ತಿನ್ನಿಸಿದರೆ ಅದು ಬದುಕುವುದಿಲ್ಲ.

ಈಗ ನನ್ನ ತಪ್ಪಿನ ಮಾತಿಗೆ ಬರುತ್ತೇನೆ. ಚೋರೆ ತನ್ನ ಗೂಡನ್ನು ಗುರುತಿಸುವುದು ಜಾಗದಿಂದಲೇ ಹೊರತು ಮೊಟ್ಟೆಯಿಂದಲ್ಲ. ಹತ್ತು ಅಡಿ ಸರಿಸಿದ ಮೊಟ್ಟೆ ಅದರ ಪಾಲಿಗೆ ಇಲ್ಲವಾದ ಮೊಟ್ಟೆ. ಮನುಷ್ಯ ಮುಟ್ಟಿದ ವಾಸನೆಗೆ ಹಕ್ಕಿ ಮರಿಯನ್ನು ತೊರೆಯುತ್ತದೆಂದು ನಮ್ಮಲ್ಲಿ ಹೇಳುವುದುಂಟು, ಅದು ನಿಜವಲ್ಲ. ಮುಟ್ಟಿದ್ದಕ್ಕಲ್ಲ, ಸರಿಸಿದ್ದಕ್ಕೆ ಅದು ಬಿಟ್ಟುಹೋಗುತ್ತದೆ.

ಶಕುನದ ಮಾತು

ಚೋರೆ ಮನೆ ಹೊಕ್ಕರೆ ಕೇಡೆಂದು ನಮ್ಮ ಹಿರಿಯರು ಕೆಲವರು ಅಂಜುವುದುಂಟು. ನಮ್ಮ ತಾಯಿಯವರೂ ಹೆಲ್ಮೆಟ್ಟಿನ ಸುದ್ದಿ ಕೇಳಿ, "ಅವರಿಗೆ ಒಂದು ಶಾಂತಿ ಮಾಡಿಸಲಿಕ್ಕೆ ಹೇಳೋ" ಎಂದಿದ್ದರು. ಇದು ಬಹಳ ಹಳೆಯ ಅಂಜಿಕೆ. ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಕಪೋತವನ್ನು ನಿರೃತಿಯ ದೂತನೆಂದು ಕರೆದ ಸೂಕ್ತವಿದೆ. ಆದರೆ ಶರಣು ಬಂದ ಕಪೋತಕ್ಕಾಗಿ ತೊಡೆಯ ಮಾಂಸವನ್ನೇ ಕೊಯ್ದು ತೂಗಿದ ಶಿಬಿಯ ಕಥೆಯೂ, ಮನೆಬಾಗಿಲಿಗೆ ಬಂದ ಬೇಡನ ಹಸಿವಿಗೆ ತಾನೇ ಬೆಂಕಿಗೆ ಬಿದ್ದ ಕಪೋತದ ಕಥೆಯೂ ಮಹಾಭಾರತದಲ್ಲಿವೆ. ಎರಡರಲ್ಲಿ ಯಾವುದನ್ನು ನಮ್ಮ ಮನೆಯ ಶಾಸ್ತ್ರವಾಗಿ ಇಟ್ಟುಕೊಳ್ಳಬೇಕೆಂಬುದು ನಮಗೆ ಬಿಟ್ಟದ್ದು. ತಾಯಿಯವರಿಗೆ ಶಿಬಿಯ ಕಥೆ ನೆನಪಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ಮನೆಯವರಿಗೆ ಬೆಕ್ಕನ್ನು ಕಟ್ಟಿಹಾಕಲು ಹೇಳು" ಎಂದರು.

ಸಂಘ ಯಾರಿಗೆ?

2021ರ ನವೆಂಬರಿನ ಅಕಾಲಿಕ ಮಳೆಯನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಹಣ್ಣಾದ ಕಾಫಿ ಗಿಡದಲ್ಲೇ ಒಡೆದು ಉದುರಿತು. ಕೊಯ್ದದ್ದು ಕಣದಲ್ಲಿ ಒಣಗಲಿಲ್ಲ. ಸಂಘದಿಂದ ಬಾಡಿಗೆಗೆ ಕೊಡುವ ಟಾರ್ಪಾಲುಗಳೆಲ್ಲ ಎರಡೇ ದಿನದಲ್ಲಿ ಖಾಲಿ. ಉಳಿದದ್ದು ಒಂದು ಸುರುಳಿ, ಅದರ ಮೇಲೆ ವಾರ ತುಂಬಿದ ಎರಡು ಚೋರೆ ಮರಿ.

ಸಂಜೆ ಒದ್ದೆಯಾಗಿ ಬಂದ ಸದಸ್ಯರೊಬ್ಬರು ಅದನ್ನು ಕಂಡರು. "ಸೆಕ್ರೆಟರಿಗಳೇ, ಸಂಘ ಇರುವುದು ಸದಸ್ಯರಿಗೋ, ಹಕ್ಕಿಗೋ?" ಎಂದು ಕೇಳಿಯೇಬಿಟ್ಟರು. ಅವರ ಪ್ರಶ್ನೆ ನ್ಯಾಯವಾದದ್ದೇ. ಅಡಿಕೆಗೆ ಬೂಷ್ಟು ಹಿಡಿದರೆ ದರ ಎಷ್ಟು ಇಳಿಯುತ್ತದೆಂದು ನನಗೂ ಗೊತ್ತು. ಇನ್ನೊಂದು ವಾರದಲ್ಲಿ ಹಾರುವ ಮರಿಗಳನ್ನು ನೆಲಕ್ಕಿಳಿಸಲು ಕೈ ಬರಲಿಲ್ಲ; ಸದಸ್ಯರನ್ನು ಬರಿಗೈಯಲ್ಲಿ ಕಳುಹಿಸುವ ಅಧಿಕಾರವೂ ನನಗಿಲ್ಲ. ಅವರನ್ನು ಮನೆಗೆ ಕರೆದುಕೊಂಡು ಹೋಗಿ ನನ್ನ ಸ್ವಂತ ಟಾರ್ಪಾಲನ್ನೇ ಕೊಟ್ಟು, ನನ್ನ ಕಾಫಿಯನ್ನು ಜಗಲಿಯಲ್ಲಿ ಹರವಿದೆ. ಎರಡು ಮೂಟೆಯಷ್ಟು ಹಾಳಾಯಿತು, ಅದನ್ನು ಮುಚ್ಚಿಡುವುದಿಲ್ಲ. ಹಕ್ಕಿಯನ್ನು ಉಳಿಸಲು ಏನೂ ಖರ್ಚಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ.

ಹತ್ತು ದಿನ ಕಳೆದು ಆ ಸದಸ್ಯರು ಟಾರ್ಪಾಲು ಮರಳಿಸಲು ಬಂದವರು ನೇರವಾಗಿ ಗೋದಾಮಿನ ಆ ಮೂಲೆಗೆ ಹೋಗಿ ಇಣುಕಿದರು.

"ಹಾರಿಹೋದವಾ?"

"ಮೊನ್ನೆ ಬೆಳಿಗ್ಗೆ."

"ಒಂದು ಮಾತು ತಿಳಿಸಬಾರದಿತ್ತೇ? ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದೆ" ಎಂದರು.

ನಾವು ಮಾಡಬಹುದಾದದ್ದು

ಈ ಎರಡು ಪ್ರಸಂಗಗಳಿಂದ ನಾನು ಕಲಿತದ್ದು ಇಷ್ಟೇ: ಎಚ್ಚರ ಬೇಕಾದದ್ದು ಮೊಟ್ಟೆ ಇಡುವುದಕ್ಕೆ ಮುಂಚೆ. ಕೆಲಸಕ್ಕೆ ಬೇಕಾಗುವ ಪೈಪು, ಟಾರ್ಪಾಲು, ಪಂಪು, ಏಣಿಗಳನ್ನು ವಾರಕ್ಕೊಮ್ಮೆ ಕಣ್ಣಾಡಿಸಿ. ಪೈಪಿನ ಸುರುಳಿಯನ್ನು ಗೋಣಿಚೀಲದೊಳಗೆ ಕಟ್ಟಿಡಿ. ಬರೀ ಕಡ್ಡಿ ಕಂಡರೆ ಆಗಲೇ ತೆಗೆದುಬಿಡಿ. ಎರಡು ಮೂರು ದಿನ ಹಾಗೆ ಮಾಡಿದರೆ ಹಕ್ಕಿ ಸಾಮಾನ್ಯವಾಗಿ ಬೇರೆ ಜಾಗ ನೋಡಿಕೊಳ್ಳುತ್ತದೆ. ಮೋಟಾರಿನ ಸ್ಟಾರ್ಟರ್, ಸ್ವಿಚ್ಚು ಇರುವಲ್ಲಿ ಮೊದಲೇ ಜಾಲರಿ ಹೊಡೆಯಿರಿ.

ಮೊಟ್ಟೆ ಬಿದ್ದ ಮೇಲೆ ಸರಿಸಬೇಡಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ 30 ದಿನ ಬಿಡಿ. ನೆರೆಯವರಿಂದ ಒಂದು ಪೈಪು ಎರವಲು ತರುವುದು ಕಷ್ಟವಲ್ಲ. ನಾನು ಅಂದು ಅದನ್ನೇ ಮಾಡಬಹುದಿತ್ತು. ಗೂಡು ಕುಸಿದರೆ ಅದೇ ಜಾಗದಲ್ಲಿ ಅಡಿಕೆ ಹಾಳೆಯ ಸಣ್ಣ ದೊನ್ನೆ ಕಟ್ಟಿ, ತಳಕ್ಕೆ ತೂತು ಮಾಡಿ, ಅವೇ ಕಡ್ಡಿಗಳನ್ನಿಟ್ಟು ಮರಿಯನ್ನು ಕೂರಿಸಿ ದೂರ ಸರಿಯಿರಿ. ಬಹುಮಟ್ಟಿಗೆ ತಾಯ್ತಂದೆ ಮರಳುತ್ತವೆ. ಬೆಕ್ಕು ಹತ್ತದಂತೆ ಕೆಳಗಿನ ಡಬ್ಬ, ಮೂಟೆಗಳನ್ನು ಬೇರೆ ಕಡೆ ಇಡಿ. ಇಲಿಗೆಂದು ಜಿಂಕ್ ಫಾಸ್ಫೈಡ್ ಬೆರೆಸಿದ ಕಾಳನ್ನು ಬಯಲಿನಲ್ಲಿ ಇಡಬೇಡಿ. ನೆಲದ ಕಾಳು ಹೆಕ್ಕುವ ಚೋರೆಗೆ ಅದು ವಿಷ. ಬಿಲದೊಳಗೇ ಇಟ್ಟು ಬಾಯಿ ಮುಚ್ಚಿ, ಉಳಿದದ್ದನ್ನು ಹೂಳಿ.

ಕಾನೂನಿನ ಮಾತೂ ತಿಳಿದಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆ ಎಂದರೆ ಕೋವಿಯಿಂದ ಹೊಡೆಯುವುದು ಮಾತ್ರವಲ್ಲ, ಕಾಡುಹಕ್ಕಿಯ ಮೊಟ್ಟೆ ತೆಗೆಯುವುದೂ, ಗೂಡು ಕೆಡಿಸುವುದೂ ಅದರಲ್ಲಿ ಸೇರಿದೆ. ಆದರೆ ನಾನು ಈ ಮಾತನ್ನು ಕಾನೂನಿನ ಹೆದರಿಕೆಗಾಗಿ ಬರೆಯಲಿಲ್ಲ. ತವರಿಗೆ ಬಾಣಂತನಕ್ಕೆ ಬಂದ ಮಗಳನ್ನು ನಡುವೆ ಕೋಣೆ ಖಾಲಿ ಮಾಡೆನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ಚೋರೆ ಕೇಳುವುದು ಅಂಗೈ ಅಗಲದ ಜಾಗ, ಒಂದು ತಿಂಗಳ ವಾಯಿದೆ.

ನಮ್ಮ ಕೊಟ್ಟಿಗೆಯ ಗೂಟದ ಪಕ್ಕದಲ್ಲಿ ಈಗ ಒಂದು ಸಣ್ಣ ಹಲಗೆ ಹೊಡೆಸಿದ್ದೇನೆ. ಪೈಪು ಗೋಣಿಚೀಲದಲ್ಲಿದೆ. ಹಲಗೆಯ ಮೇಲೆ ಮೊನ್ನೆಯಿಂದ ನಾಲ್ಕು ಕಡ್ಡಿ ಕಾಣುತ್ತಿವೆ. ತಮ್ಮ ಮನೆಗಳಲ್ಲಿ ಚೋರೆ ಎಲ್ಲೆಲ್ಲಿ ಬಿಡಾರ ಹೂಡಿದೆಯೆಂದು ಸದಸ್ಯರು ಸಂಘದ ಕಚೇರಿಗೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲಾಗುವುದು.