ಕಳೆದ ಸ್ತನವನ್ನು ಮರಳಿ ಕಟ್ಟಬೇಕೆ?

ನಮ್ಮ ಹಿರಿಯರು ಏಡಿಗಂತಿ ಎಂದು ಕರೆಯುತ್ತಿದ್ದ ಕ್ಯಾನ್ಸರ್ ರೋಗವು ಸ್ತನದಲ್ಲಿ ತಲೆದೋರಿದಾಗ, ಕೆಲವು ವೇಳೆ ಇಡೀ ಸ್ತನವನ್ನೇ ತೆಗೆದುಹಾಕಬೇಕಾಗುತ್ತದೆ. ಭಾರತದ ಸ್ತ್ರೀಯರಲ್ಲಿ ಇಂದು ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ರೋಗಿಗಳು ಬೆಂಗಳೂರಿಗೆ, 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಂತಹ ಆಸ್ಪತ್ರೆಗಳಿಗೆ, ಹೋಗುವುದುಂಟು. ಪ್ರಾಣರಕ್ಷಣೆಯ ಮಾತು ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ: ಕಳೆದ ಸ್ತನವನ್ನು ಮರಳಿ ಕಟ್ಟಿಸಿಕೊಳ್ಳಬೇಕೆ, ಬೇಡವೆ?

ಪುನರ್ನಿರ್ಮಾಣವು ರೋಗವನ್ನು ಗುಣಪಡಿಸುವುದಿಲ್ಲ. ರೋಗ ಮರುಕಳಿಸುವ ಸಂಭವವನ್ನು ಹೆಚ್ಚಿಸುವುದೂ ಇಲ್ಲ. ಅದು ಆಕಾರವನ್ನು ಕೊಡಬಲ್ಲುದು. ಮೊದಲಿನ ಸ್ಪರ್ಶಜ್ಞಾನವನ್ನು ಸಾಮಾನ್ಯವಾಗಿ ಕೊಡಲಾರದು. ಇದಕ್ಕೆ ಮುಖ್ಯವಾಗಿ ಎರಡು ಮಾರ್ಗಗಳಿವೆ.

ಮೊದಲನೆಯದು ಸಿಲಿಕೋನ್ ಚೀಲವನ್ನು ಒಳಗಿಡುವುದು. 1962ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಕ್ರೋನಿನ್ ಮತ್ತು ಗೆರೋ ಎಂಬ ವೈದ್ಯರು ಇದನ್ನು ಮೊದಲು ಬಳಸಿದರು. ಶಸ್ತ್ರಚಿಕಿತ್ಸೆ ಚಿಕ್ಕದು. ಆದರೆ ಚೀಲವು ಜೀವನಪರ್ಯಂತ ಬಾಳುವುದೆಂಬ ಭರವಸೆಯಿಲ್ಲ. ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಅದರ ಸುತ್ತಲಿನ ಅಂಗಾಂಶ ಗಡುಸಾಗುವ ಸಂಭವ ಹೆಚ್ಚು.

ಎರಡನೆಯದು ರೋಗಿಯ ಸ್ವಂತ ಚರ್ಮ, ಕೊಬ್ಬು, ಸ್ನಾಯುಗಳಿಂದಲೇ ಕಟ್ಟುವುದು. ಇದರ ತತ್ತ್ವ ಹಳೆಯದು. 1791ರಲ್ಲಿ ಮಾಗಡಿಯ ಬಳಿಯ ಸಾವನದುರ್ಗವು ಆಂಗ್ಲರ ವಶವಾಯಿತಷ್ಟೆ? ಅದೇ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡ ಕವಾಸಜಿ ಎಂಬ ಬಂಡಿಕಾರನಿಗೆ, ಹಣೆಯ ಚರ್ಮವನ್ನು ಕೆಳಗೆ ತಿರುಗಿಸಿ ಹೊಸ ಮೂಗನ್ನು ಮಾಡಿದ ವೃತ್ತಾಂತ 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ತೊಟ್ಟಿನಂತೆ ಉಳಿದ ಭಾಗದ ಮೂಲಕ ರಕ್ತ ಹರಿಯುತ್ತಿದ್ದುದರಿಂದಲೇ ಆ ಚರ್ಮ ಬದುಕಿತು. ಇಂದು ಹೊಟ್ಟೆಯ ಚರ್ಮ, ಕೊಬ್ಬುಗಳನ್ನು ಬೇರ್ಪಡಿಸಿ, ಸೂಕ್ಷ್ಮದರ್ಶಕದ ಸಹಾಯದಿಂದ ಅವುಗಳ ರಕ್ತನಾಳಗಳನ್ನು ಎದೆಯ ನಾಳಗಳಿಗೆ ಹೊಲಿಯುತ್ತಾರೆ. ಬೆನ್ನಿನ ಸ್ನಾಯುವನ್ನು ಬಳಸುವುದೂ ಉಂಟು. ಈ ಕ್ರಮಗಳಲ್ಲಿ ಶಸ್ತ್ರಚಿಕಿತ್ಸೆ ದೀರ್ಘವಾದುದು. ಗಾಯಗಳೂ ಎರಡು ಕಡೆ. ಧೂಮಪಾನ ಮತ್ತು ಹತೋಟಿ ತಪ್ಪಿದ ಮಧುಮೇಹಗಳು ಗಾಯ ಮಾಯುವುದಕ್ಕೆ ಅಡ್ಡಿ.

ಹಾಗಾದರೆ ಯಾವುದು ಮೇಲು? ರಾಮನಗರದಲ್ಲಿ ರೇಷ್ಮೆ ಬಿಚ್ಚುವವಳಿಗೂ, ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗಿನ ಬಣ್ಣ ಹಚ್ಚುವವಳಿಗೂ ತೋಳಿನ ಬಲವೇ ಅನ್ನ. ಬೆನ್ನಿನ ಸ್ನಾಯುವನ್ನು ತೆಗೆದರೆ ಭುಜದ ಶಕ್ತಿ ಸ್ವಲ್ಪ ಕುಗ್ಗಬಹುದು. ಕನಕಪುರದ ಹೊಲದಲ್ಲಿ ಹೊರೆ ಹೊರುವವಳು ಹೊಟ್ಟೆಯ ಗಾಯ ಮಾಯುವವರೆಗೆ ಭಾರವೆತ್ತುವಂತಿಲ್ಲ. ಆಸ್ಪತ್ರೆಗೆ ಮತ್ತೆ ಮತ್ತೆ ಹೋಗಿಬರುವ ದಿನಗಳ ಕೂಲಿಯೂ ಲೆಕ್ಕಕ್ಕೆ ಬರಬೇಕು.

ಕಟ್ಟಿಸಿಕೊಳ್ಳದಿರುವುದೂ ಒಂದು ಸಮರ್ಪಕವಾದ ನಿರ್ಧಾರವೇ. ಕುಪ್ಪಸದೊಳಗೆ ಧರಿಸುವ ಸಿಲಿಕೋನ್ ಅಥವಾ ಹತ್ತಿಯ ಕೃತಕ ಸ್ತನಗಳು ದೊರೆಯುತ್ತವೆ. ಏನನ್ನೂ ಧರಿಸದೆ ನೆಮ್ಮದಿಯಿಂದಿರುವವರೂ ಇದ್ದಾರೆ. ಇಂದು ಬೇಡವೆಂದವಳು ವರ್ಷಗಳು ಕಳೆದ ಬಳಿಕ ಬೇಕೆನ್ನಲು ಬಹುಮಟ್ಟಿಗೆ ಅವಕಾಶವುಂಟು. ಆದರೂ ಪ್ರಶ್ನೆಯನ್ನು ಸ್ತನ ತೆಗೆಯುವ ಮೊದಲೇ ಕೇಳುವುದು ಲೇಸು; ಏಕೆಂದರೆ ಎದೆಯ ಚರ್ಮವನ್ನು ಎಷ್ಟು ಉಳಿಸಬಹುದೆಂಬುದು ಆಗಲೇ ತೀರ್ಮಾನವಾಗುತ್ತದೆ.

ವಿದ್ಯಾರ್ಥಿಗಳೇ, ತಾಯಿಯ ಅಥವಾ ಅಜ್ಜಿಯ ಜೊತೆಗೆ ಆಸ್ಪತ್ರೆಯ ಕಾಗದಗಳನ್ನು ಹಿಡಿದು ಹೋಗುವವರು ಎಷ್ಟೋ ವೇಳೆ ನೀವೇ. ವಿಕಿರಣ ಚಿಕಿತ್ಸೆ ಬೇಕಾಗುವುದೆ? ಎಷ್ಟು ಶಸ್ತ್ರಚಿಕಿತ್ಸೆಗಳು? ಕೆಲಸಕ್ಕೆ ಮರಳುವುದು ಎಂದು? ವೆಚ್ಚವೆಷ್ಟು? ಇವನ್ನು ವೈದ್ಯರಲ್ಲಿ ಕೇಳಿರಿ. “ಈ ವಯಸ್ಸಿನಲ್ಲಿ ಇದೇಕೆ?” ಎಂದಾಗಲಿ, “ಮಾಡಿಸಿಕೊಳ್ಳಲೇಬೇಕು” ಎಂದಾಗಲಿ ನೀವು ಹೇಳಬೇಡಿರಿ. ಉತ್ತರಗಳನ್ನು ಅವರಿಗೆ ತಿಳಿಯುವಂತೆ ಓದಿ ಹೇಳಿ. ನಿರ್ಧಾರವನ್ನು ಅವರಿಗೇ ಬಿಡಿರಿ.