ಬ್ಯಾಡ್ಜಿಗಿಂತ ಹಿರಿದು ಅದರ ಹಿಂದಿನ ದಾಖಲೆ

ಮಕ್ಕಳು ಶಾಲೆಗೆ ಒಪ್ಪಿಸುವ ‘ಪ್ರಾಜೆಕ್ಟ್’ಗಳಲ್ಲಿ ತಂದೆ–ತಾಯಿಯರ ಪಾಲೆಷ್ಟು ಎಂಬುದು ಎಲ್ಲರಿಗೂ ತಿಳಿದ ಗುಟ್ಟು. ಅಂಕ ಬಂದರಾಯಿತು, ಮಗು ನಿಜಕ್ಕೂ ಕಲಿತದ್ದೇನು ಎಂದು ಕೇಳುವವರಿಲ್ಲ. ಕಲಿಕೆಯನ್ನು ಅಳೆಯುವುದು ಹೇಗೆ ಎಂಬ ಈ ಪ್ರಶ್ನೆಗೆ ಅಮೆರಿಕದ ಸ್ಕೌಟ್ ಚಳವಳಿ ಶತಮಾನದ ಹಿಂದೆಯೇ ಕಂಡುಕೊಂಡ ಉತ್ತರ ಗಮನಾರ್ಹ.

ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಶಿಬಿರ ನಡೆಸಿದ ಮೂರೇ ವರ್ಷಗಳಲ್ಲಿ ಅಮೆರಿಕದಲ್ಲಿ ಸ್ಕೌಟ್ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿ ‘ಮೆರಿಟ್ ಬ್ಯಾಡ್ಜ್’ ನೀಡುವ ವಿಷಯಗಳು ಈಗ 130ಕ್ಕೂ ಹೆಚ್ಚು. ಪ್ರಥಮ ಚಿಕಿತ್ಸೆ, ಈಜು, ಅಡುಗೆ, ಕೊಳಾಯಿ ದುರಸ್ತಿ, ಖಗೋಳಶಾಸ್ತ್ರ ಎಲ್ಲವೂ ಅದರಲ್ಲಿವೆ. ಅತ್ಯುನ್ನತ ಶ್ರೇಣಿಯಾದ ‘ಈಗಲ್ ಸ್ಕೌಟ್’ ಆಗಲು ಇತರ ಅರ್ಹತೆಗಳ ಜೊತೆಗೆ 21 ಬ್ಯಾಡ್ಜ್ ಗಳಿಸಬೇಕು. 1912ರಲ್ಲಿ ಆರ್ಥರ್ ಎಲ್ಡ್ರೆಡ್ ಎಂಬ ಹುಡುಗ ಆ ಗೌರವ ಪಡೆದ ಮೊದಲಿಗ.

ಗಳಿಸುವ ಕ್ರಮವೂ ಸ್ವಾರಸ್ಯಕರ. ಸ್ಕೌಟ್ ಮೊದಲು ತನ್ನ ದಳದ ನಾಯಕನೊಡನೆ ಚರ್ಚಿಸಿ, ಆ ವಿಷಯ ಬಲ್ಲ, ಸಂಸ್ಥೆಯಲ್ಲಿ ನೋಂದಾಯಿತ ಮಾರ್ಗದರ್ಶಕನನ್ನು ತಾನೇ ಸಂಪರ್ಕಿಸಬೇಕು. ವಿಧಿಸಿದ ಷರತ್ತನ್ನು ಹೆಚ್ಚಿಸುವಂತಿಲ್ಲ, ಇಳಿಸುವಂತೆಯೂ ಇಲ್ಲ. ‘ಮಾಡಿ ತೋರಿಸು’ ಎಂದಿದ್ದರೆ ಬಾಯಿಮಾತಿನ ವಿವರಣೆ ಸಾಲದು. ಬಹುಕಾಲದಿಂದ ಬಳಕೆಯಲ್ಲಿರುವ ನೀಲಿ ಕಾರ್ಡಿಗೆ ಮೂರು ಭಾಗಗಳು: ದಳಕ್ಕೊಂದು, ಸ್ಕೌಟ್‌ಗೊಂದು, ಮಾರ್ಗದರ್ಶಕನಿಗೊಂದು. ಒಂದು ಕಳೆದರೂ ಉಳಿದವು ಸಾಕ್ಷಿ ನುಡಿಯುತ್ತವೆ.

ಆದರೆ ನಿಜವಾದ ದಾಖಲೆ ಇರುವುದು ಸ್ಕೌಟ್‌ನ ನೋಟುಪುಸ್ತಕದಲ್ಲಿ. ಕುಟುಂಬ ಜೀವನದ ಬ್ಯಾಡ್ಜಿಗೆ ಐದಾದರೂ ಮನೆಗೆಲಸಗಳನ್ನು 90 ದಿನ ಮಾಡಿ ಬರೆದಿಡಬೇಕು. ಹಣ ನಿರ್ವಹಣೆಯ ಬ್ಯಾಡ್ಜಿಗೆ 13 ವಾರಗಳ ಆದಾಯ, ಖರ್ಚು, ಉಳಿತಾಯದ ಲೆಕ್ಕವಿಡಬೇಕು. ಇದು ಒಂದು ರಾತ್ರಿ ನಿದ್ದೆಗೆಟ್ಟು ಮುಗಿಸುವ ಕೆಲಸವಲ್ಲ. ಬರೆಯುವ ಶಿಸ್ತೇ ಇಲ್ಲಿ ಕಲಿಕೆ.

ಹಾಗೆಂದು ಕಾಗದ ಸುಳ್ಳು ಹೇಳುವುದಿಲ್ಲವೆಂದಲ್ಲ. ಒಂದೇ ದಿನದ ಸಾಮೂಹಿಕ ಮೇಳಗಳಲ್ಲಿ ಬ್ಯಾಡ್ಜ್‌ಗಳು ಸುಲಭವಾಗಿ ಕೈಸೇರುತ್ತವೆ ಎಂಬ ಟೀಕೆ ಅಲ್ಲಿಯೂ ಇದೆ. ಅದಕ್ಕಿಂತ ಕಹಿಯಾದ ಸತ್ಯವೊಂದಿದೆ. ಮಕ್ಕಳಿಂದ ಪ್ರಾಮಾಣಿಕ ದಾಖಲೆ ಬಯಸಿದ ಅದೇ ಸಂಸ್ಥೆ, ಲೈಂಗಿಕ ದೌರ್ಜನ್ಯದ ಆರೋಪ ಹೊತ್ತ ಸ್ವಯಂಸೇವಕರ ಕಡತಗಳನ್ನು ದಶಕಗಳ ಕಾಲ ಗೋಪ್ಯವಾಗಿಟ್ಟಿತ್ತು. ನ್ಯಾಯಾಲಯದ ಆದೇಶದಿಂದ 2012ರಲ್ಲಿ ಅನೇಕ ಕಡತಗಳು ಬೆಳಕಿಗೆ ಬಂದವು. 2020ರಲ್ಲಿ ಸಂಸ್ಥೆ ದಿವಾಳಿ ರಕ್ಷಣೆ ಕೋರಿದಾಗ ಪರಿಹಾರ ಬೇಡಿ ಬಂದವರು 82 ಸಾವಿರಕ್ಕೂ ಹೆಚ್ಚು. ಇಂದು ಮಾರ್ಗದರ್ಶಕ ಮತ್ತು ಸ್ಕೌಟ್ ಏಕಾಂತದಲ್ಲಿ ಭೇಟಿಯಾಗುವಂತಿಲ್ಲ. ಹಿರಿಯರ ಲೆಕ್ಕ ಶುದ್ಧವಿಲ್ಲದಿದ್ದರೆ ಕಿರಿಯರ ಲೆಕ್ಕಕ್ಕೆ ಬೆಲೆಯೆಲ್ಲಿ?

ಈ ಪಾಠ ನಮಗೂ ಸಲ್ಲುತ್ತದೆ. ಭಾರತದಲ್ಲಿ ಸ್ಕೌಟ್ ದಳ ಮೊದಲು ಆರಂಭವಾದದ್ದು 1909ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ‘ಪ್ರವೇಶ’ದಿಂದ ಸೋಪಾನಗಳನ್ನೇರಿ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರಗಳತ್ತ ಸಾಗುವ ನಮ್ಮ ಮಕ್ಕಳೂ ‘ಲಾಗ್ ಬುಕ್’ ಬರೆಯುತ್ತಾರೆ. ಪ್ರಮಾಣಪತ್ರಕ್ಕೆ ಕಾಲೇಜು ಪ್ರವೇಶದಲ್ಲೂ ಬೆಲೆ ಬಂದಾಗ, ಆ ಪುಸ್ತಕವನ್ನು ‘ಅಂದ’ಗೊಳಿಸುವ ಆಸೆ ಪೋಷಕರಿಗೆ ಸಹಜ.

ಅಲ್ಲಿಯೇ ಪೋಷಕರು ಕೈ ಹಿಂದೆಗೆಯಬೇಕು. ವಕ್ರವಾದ ಅಕ್ಷರ, ತಪ್ಪಿಹೋದ ಒಂದು ದಿನ, ಹೊಂದದ ಲೆಕ್ಕ ಹಾಗೆಯೇ ಉಳಿಯಲಿ. ಅದು ಮಗುವಿನದೇ ದುಡಿಮೆ ಎನ್ನಲು ಅದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.